ತೋಳು ಕೊಯ್ಸಿಕೊಂಡವಳ ದೀಡ ನಮಸ್ಕಾರ

ಹಲಗೆಯ ಮೇಲೆ ಬರೆದು ಕೈ ನಿಲ್ಲಿಸಿದ ಮೇಲೂ ನನ್ನ ತೋಳು ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇರುತ್ತಿತ್ತು. ಬೇಡಿಕೆಯ ರೇಖೆ ಎಳೆದು ಮುಗಿಸಿ ಸೀಮೆಸುಣ್ಣ ಕೆಳಗಿಟ್ಟರೂ ತೋಳಿನಡಿ ಜೋತಿದ್ದ ಚರ್ಮಕ್ಕೆ ಆ ಸುದ್ದಿ ತಡವಾಗಿ ಮುಟ್ಟುತ್ತಿತ್ತು. ಜೇವರ್ಗಿಯ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಯಾವ ರೇಖೆ ಎಳೆದರೂ ಹಿಂದಿನ ಬೆಂಚಿನ ಹುಡುಗಿಯರ ಕಣ್ಣು ರೇಖೆಯ ಮೇಲೆ ಇರುತ್ತಿರಲಿಲ್ಲ. ಅವರು ನಗುತ್ತಿದ್ದರೆಂದು ಪ್ರಮಾಣ ಮಾಡಿ ಹೇಳಲಾರೆ. ನಕ್ಕಿರಬಹುದು ಎಂದುಕೊಂಡೇ ವರ್ಷಗಟ್ಟಲೆ ಒಳಗೊಳಗೇ ಉರಿದೆ.

ಇದೆಲ್ಲ ನಾನೇ ಮಾಡಿಕೊಂಡದ್ದು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಬೈದರು, ನಾನು ಹಠಕ್ಕೆ ಬಿದ್ದೆ. ಬೆಳಿಗ್ಗೆ ಬಿರುಸಾಗಿ ನಡೆದೆ, ಹೋಳಿಗೆ ಬಿಟ್ಟೆ, ಮದುವೆಯ ಊಟದಲ್ಲಿ ಬರೀ ಸೌತೆಕಾಯಿ ಅಗಿದು ಬೀಗರಿಗೆ ಬೇಸರ ಮಾಡಿದೆ. ತೂಕ ಇಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ನನ್ನನ್ನು ನನ್ನ ತಂಗಿ ಎಂದುಕೊಂಡು ಮಾತಾಡಿಸಿದರು. ಆ ಸಂತೋಷ ಇದ್ದದ್ದು ಮನೆ ಮುಟ್ಟಿ ಕನ್ನಡಿ ನೋಡುವವರೆಗೆ. ಒಳಗಿನ ಕೊಬ್ಬು ಹೋಗಿತ್ತು, ಹೊರಗಿನ ಚರ್ಮ ಎಲ್ಲಿಗೂ ಹೋಗಿರಲಿಲ್ಲ. ಹತ್ತಿ ತೆಗೆದ ದಿಂಬಿನ ಗವಸಿನ ಹಾಗೆ ಎರಡೂ ತೋಳಿನಿಂದ ಇಳಿಬಿದ್ದಿತ್ತು.

ಮೊಣಕೈ ದಾಟುವ ತೋಳಿನ ಕುಪ್ಪಸ ಹೊಲಿಸತೊಡಗಿದೆ. ಆಳಂದದಲ್ಲಿ, ನನ್ನ ತವರಿನ ಓಣಿಯ ಟೇಲರ್ ನನ್ನನ್ನು ಚಿಕ್ಕಂದಿನಿಂದ ಬಲ್ಲವನು. ಅಳತೆ ಹಿಡಿದು ಕೇಳಿದ.

“ಅಕ್ಕಾರ, ಈ ಬಿಸಲಾಗ ಇಷ್ಟುದ್ದ ತೋಳು ಯಾಕ್ರಿ?”

“ನನಗ ಥಂಡಿ ಭಾಳ ಆಗ್ತದ,” ಎಂದೆ. ಅದು ಮೇ ತಿಂಗಳು. ಅವನು ಪಾಪ, ನನ್ನ ಮುಖದ ಮೇಲಿನ ಬೆವರು ನೋಡಿ ಟೇಪನ್ನು ಮೊಣಕೈ ದಾಟಿಸಿದ.

ಕೊನೆಗೆ ಸೊಲ್ಲಾಪುರದ ಒಂದು ದವಾಖಾನೆಗೆ ಹೋದೆ. ಅಲ್ಲಿನ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ನಮ್ಮ ಕಡೆಯದೇ. ನನ್ನ ತೋಳು ಹಿಡಿದು, ಹಿಂಡಿ, ಬಿಟ್ಟು, ಅದು ಅಲ್ಲಾಡಿ ನಿಲ್ಲುವವರೆಗೆ ಕಾದು, ಆಮೇಲೆ ಮಾತಾಡಿದರು.

“ಮೇಡಂ, ಇದು ಜಾದೂ ಅಲ್ಲರಿ. ಚರ್ಮ ಹೋಗ್ತದ, ಅದರ ಬದ್ಲಿ ಗೆರಿ ಬರ್ತದ. ಕಂಕುಳದಿಂದ ಮೊಣಕೈ ತನಕ, ಒಳಗಿನ ಮಗ್ಗಲಿಗೆ. ಮೊದಲ ಕೆಂಪ ಇರ್ತದ, ವರ್ಷ ದಾಟಿದ್ರ ಮಾಸ್ತದ, ಆದ್ರ ಪೂರಾ ಅಳಿಸಿ ಹೋಗಂಗಿಲ್ಲ. ಕೈ ಕೆಳಗಿದ್ರ ಯಾರಿಗೂ ಕಾಣಂಗಿಲ್ಲ, ಕೈ ಎತ್ತಿದ್ರ ಎಲ್ಲರಿಗೂ ಕಾಣ್ತದ. ವಿಚಾರ ಮಾಡಿ ಹೇಳ್ರಿ.”

“ನಾ ಯಾಕ ಕೈ ಎತ್ತಲಿರಿ?” ಎಂದುಬಿಟ್ಟೆ. ದಿನಕ್ಕೆ ನಾಲ್ಕು ತಾಸು ಹಲಗೆಯ ಮುಂದೆ ಕೈ ಎತ್ತಿ ಸಂಬಳ ಎಣಿಸುವವಳ ಮಾತು ಅದು. ಲಾಭ ನಷ್ಟ ತೂಗಿ ನೋಡುವುದನ್ನು ಮಕ್ಕಳಿಗೆ ಕಲಿಸುವವಳು ನಾನು. ನನ್ನ ತೂಕದ ವಿಷಯದಲ್ಲಿ ಮಾತ್ರ ಆ ವಿದ್ಯೆ ಹತ್ತಿರ ಸುಳಿಯಲಿಲ್ಲ.

ಅತ್ತೆಗೆ ಹೇಳದೆ ಹೋಗುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಅವರು ಅಂದೋಲಾದ ಮನೆಮಗಳು, ಮಠದ ಅಂಗಳದಲ್ಲಿ ಆಡಿ ಬೆಳೆದವರು. ನನ್ನ ಮೇಲೆ ಎಂದೂ ದನಿ ಎತ್ತಿದವರಲ್ಲ. ತೊಗರಿ ಹಸನು ಮಾಡುತ್ತ ಕೂತಿದ್ದರು. ಎಲ್ಲ ಬಿಡಿಸಿ ಹೇಳಿದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು.

“ಗಂಟು ಬೆಳದದ್ದು ಕೊಯ್ತಾರ, ಅದು ಕೇಳೇನಿ. ಇಳಿಬಿದ್ದದ್ದು ಯಾಕ ಕೊಯ್ತಾರಬೇ?”

“ಚಂದ ಕಾಣ್ಲಿ ಅಂತ ರೀ ಅತ್ತಿ.”

“ಹೂಂ,” ಎಂದರು. ಮತ್ತೆ ಮೊರ ಎತ್ತಿಕೊಂಡರು. ಆ ‘ಹೂಂ’ಗೆ ನಾನು ಒಪ್ಪಿಗೆ ಎಂದು ಅರ್ಥ ಹಚ್ಚಿಕೊಂಡೆ.

ದವಾಖಾನೆಯಲ್ಲಿ ಮೊದಲು ಕೋಣೆಯ ನಡುವೆ ಎರಡೂ ಕೈ ಚಾಚಿ ನಿಲ್ಲಿಸಿದರು. ಹೊಲದ ಬೆದರುಗೊಂಬೆಯ ಹಾಗೆ ನಿಂತೆ. ಡಾಕ್ಟರು ಮಾರ್ಕರ್ ಪೆನ್ನಿನಿಂದ ನನ್ನ ತೋಳಿನ ಮೇಲೆ ಗೆರೆ ಎಳೆದರು, ಚಿವುಟಿ ಅಳತೆ ನೋಡಿದರು, ಅಳಿಸಿ ಮತ್ತೆ ಎಳೆದರು. ಕಲಿಯಲು ಬಂದ ಇಬ್ಬರು ಹುಡುಗಿಯರು ಬಗ್ಗಿ ಬಗ್ಗಿ ನೋಡಿದರು. ಜೀವನವಿಡೀ ಹಲಗೆಯ ಮೇಲೆ ಗೆರೆ ಎಳೆದವಳು ಆ ದಿನ ಹಲಗೆಯೇ ಆಗಿದ್ದೆ. ಆಮೇಲೆ ಪೂರ್ತಿ ಅರಿವಳಿಕೆ ಕೊಟ್ಟರು, ಮುಂದಿನದು ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಎರಡೂ ತೋಳು ದಿಂಬುಗಳ ಮೇಲೆ ಮಲಗಿದ್ದವು, ನಾನು ಅವುಗಳ ನಡುವೆ. ನೋವು ಇತ್ತು, ಆದರೆ ಮಾತ್ರೆಗೆ ಬಗ್ಗುವ ನೋವು. ಎರಡೂ ಕಂಕುಳ ಹತ್ತಿರದಿಂದ ಒಂದೊಂದು ಸಣ್ಣ ನಳಿಕೆ ಹೊರಬಂದು, ಒಳಗಿನ ಕೆಂಪು ನೀರು ಕೆಳಗಿನ ಪ್ಲಾಸ್ಟಿಕ್ ಬುರುಡೆಗೆ ಇಳಿಯುತ್ತಿತ್ತು. ಬ್ಯಾಂಡೇಜಿನ ಮೇಲೆ ತೋಳು, ಎದೆ, ಬೆನ್ನು ಎಲ್ಲವನ್ನೂ ಸೇರಿಸಿ ಬಿಗಿಯುವ ಒಂದು ಅರ್ಧ ಅಂಗಿ. ಬಾವು ಇಳಿಯಲಿ, ಚರ್ಮ ಕೂತುಕೊಳ್ಳಲಿ ಎಂದು ಅದನ್ನು ವಾರಗಟ್ಟಲೆ ತೊಟ್ಟುಕೊಂಡೇ ಇರಬೇಕು. ಮುಂಗೈ ಬಾತು ಬಳೆ ತೆಗೆಸಿದ್ದರು. ಮೊಣಕೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ, ತುಂಬಿದ ತಂಬಿಗೆಗಿಂತ ಭಾರದ್ದು ಹಿಡಿಯುವ ಹಾಗಿಲ್ಲ, ಮಗ್ಗುಲಾಗಿ ಮಲಗುವ ಹಾಗಿಲ್ಲ.

ಇಷ್ಟನ್ನು ಡಾಕ್ಟರು ಮೊದಲೇ ಹೇಳಿದ್ದರು. ಹೇಳದೆ ಉಳಿದದ್ದು ಏನೆಂದರೆ, ಬದುಕೆಲ್ಲ ಭುಜಕ್ಕಿಂತ ಮೇಲೆಯೇ ಇದೆ ಎಂಬುದು. ಬಾಗಿಲ ಮೇಲಿನ ಚಿಲಕ, ಅಡುಗೆಮನೆಯ ಚಹಾಪುಡಿ ಡಬ್ಬಿ, ತಲೆಯ ಮೇಲಿನ ಸೆರಗು, ಹಣೆಯ ವಿಭೂತಿ, ಮೂಗಿನ ತುದಿಯ ತುರಿಕೆ. ನನ್ನ ಗಂಡ ವಿಜ್ಞಾನದ ಮೇಷ್ಟ್ರು. ಅವರೇ ನನಗೆ ಸ್ನಾನ ಮಾಡಿಸಿದರು, ಅವರೇ ಜಡೆ ಹಾಕಿದರು. ಹಾಕಿದ ಜಡೆ ಒಂದು ಕಿವಿಯ ಹಿಂದಿನಿಂದ ಹೊರಟು ಇನ್ನೊಂದು ಭುಜಕ್ಕೆ ಬರುತ್ತಿತ್ತು.

“ನೇರ ಹಾಕ್ರಿ,” ಎಂದರೆ, “ನಿನ್ನ ಕೂದಲಾ ನನ್ನ ಮಾತ ಕೇಳವಲ್ದು,” ಎನ್ನುತ್ತಿದ್ದರು.

ಜೇವರ್ಗಿಗೆ ಮರಳಿದ ಮೇಲೆ ಕಷ್ಟವಾದದ್ದು ಬೆಳಗಿನ ಪೂಜೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಎದೆಯ ಮಟ್ಟಕ್ಕೆ ಹಿಡಿಯಬೇಕು. ಹಿಡಿದ ಸ್ವಲ್ಪ ಹೊತ್ತಿಗೆ ತೋಳು ಸೆಳೆದು ಕೈ ನಡುಗುತ್ತಿತ್ತು. ಅತ್ತೆ ಪಕ್ಕಕ್ಕೆ ಬಂದು ಕೂತು ನನ್ನ ಮೊಣಕೈಗೆ ತಮ್ಮ ಅಂಗೈ ಆನಿಸಿ ಹಿಡಿದರು. ಅಂದಿನಿಂದ ದಿನವೂ ಹಿಡಿದರು. ನಾನು ಲಿಂಗ ನೋಡುತ್ತಿದ್ದರೆ ಅವರು ನನ್ನನ್ನು ನೋಡುತ್ತಿರುತ್ತಿದ್ದರು, ಕಣ್ಣು ತುಂಬಿರುತ್ತಿತ್ತು. ಸೊಸೆಯ ಮೇಲೆ ಇಷ್ಟು ಪ್ರೀತಿ ಇತ್ತೇ ಎಂದು ಬೀಗಿದೆ. ಸರ್ಜರಿಯಿಂದ ನನಗೆ ಇಂಥ ಲಾಭವೂ ಆಯಿತೆಂದು ಗಂಡನ ಮುಂದೆ ಹೇಳಿಕೊಂಡೆ ಕೂಡ.

ಆಮೇಲೆ ಮಾತಾಡಿಸಲು ಮಂದಿ ಬರತೊಡಗಿದರು. ನಮ್ಮ ಕಡೆ ದವಾಖಾನೆ ಮೆಟ್ಟಿಲು ಹತ್ತಿ ಇಳಿದವರನ್ನು ಮಾತಾಡಿಸಲು ಬಾರದ ನೆಂಟರು ನೆಂಟರೇ ಅಲ್ಲ. ಚಿಕ್ಕು, ಬ್ರೆಡ್ಡು, ಎಳನೀರು ಹಿಡಿದು ಬಂದರು. ಅವರಿಗೆಲ್ಲ ನಾನು ನಾಚಿಕೆ ಬಿಟ್ಟು ನಿಜವನ್ನೇ ಹೇಳಿದೆ: ತೋಳಿನ ಹೆಚ್ಚಿನ ಚರ್ಮ ತೆಗೆಸಿಕೊಂಡಿದ್ದೇನೆ, ಚಂದಕ್ಕಾಗಿ. ಬೈಯುತ್ತಾರೆ, ನಗುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಯಾರೂ ನಗಲಿಲ್ಲ. ಎಲ್ಲರೂ ನನ್ನ ಬಿಗಿದ ಎದೆ ನೋಡಿ, ಬರಿಗೈ ನೋಡಿ, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅಫಜಲಪುರದ ಹತ್ತಿರ ಕರಜಗಿಗೆ ಕೊಟ್ಟ ನನ್ನ ನಾದಿನಿ ಕಬ್ಬಿನ ಗದ್ದೆಯ ಕೆಲಸ ಬಿಟ್ಟು ಬಂದಳು. ಪಕ್ಕದಲ್ಲಿ ಕೂತು ನನ್ನ ಕಾಲು ನೀವತೊಡಗಿದಳು.

“ವೈನಿ, ಫಿಕರ್ ಮಾಡಬ್ಯಾಡ್ರಿ. ಈಗ ಭಾಳ ಚಲೋ ದವಾ ಬಂದಾವ. ಕೂದಲಾ ಹೋದ್ರೂ ಮತ್ತ ಬರ್ತಾವಂತ.”

“ಕೂದಲಾ ಯಾಕ ಹೋಗ್ತಾವ?”

ಅವಳು ಕಾಲು ನೀವುವುದನ್ನು ನಿಲ್ಲಿಸಿ ಅಡುಗೆಮನೆಯ ಕಡೆ ನೋಡಿದಳು. “ನಿಮಗ ಗೊತ್ತಿಲ್ಲೇನ್ರಿ? ಅವ್ವ ಹೇಳ್ಯಾಳ. ಆ ಬ್ಯಾನಿ ಅಂತ.”

ಆ ಬ್ಯಾನಿ. ನಮ್ಮಲ್ಲಿ ಕ್ಯಾನ್ಸರಿಗೆ ಹೆಸರಿಲ್ಲ, ‘ಆ’ ಮಾತ್ರ ಇದೆ. ಕಂಕುಳಿನ ನಳಿಕೆ, ಎದೆಯ ಬಿಗಿ ಅಂಗಿ, ಬಳೆಯಿಲ್ಲದ ಬಾತ ಕೈ, ತಿಂಗಳುಗಟ್ಟಲೆ ಇಳಿದ ತೂಕ. ಎಲ್ಲವನ್ನೂ ಕೂಡಿಸಿ ಮನೆಮಂದಿ ನನ್ನ ಎದೆ ಕೊಯ್ದಿದ್ದಾರೆ ಎಂದುಕೊಂಡಿದ್ದರು. ಲೆಕ್ಕ ತಪ್ಪಿದ್ದರೂ ಕೂಡಿಸಿದ್ದು ಸರಿಯಾಗಿಯೇ ಇತ್ತು.

ನಾನು ಮೊದಲು ನಕ್ಕೆ. ನಕ್ಕರೆ ಹೊಲಿಗೆ ಸೆಳೆಯಿತು. ಗಂಡ ಬಂದಾಗ ಹೇಳಿ ಮತ್ತೆ ನಗಬೇಕೆಂದುಕೊಂಡೆ. ಅವರು ನಗಲಿಲ್ಲ.

“ನಮ್ಮ ಚಿಗವ್ವ ಇದ್ದಳಲ್ಲ, ಅವ್ವನ ತಂಗಿ. ಆಕಿದೂ ತೋಳು ಬಾತಿತ್ತು. ‘ಅಕ್ಕಾ, ಬರೀ ತೋಳು ಬ್ಯಾನಿ’ ಅಂತ ಹೇಳಿ ಹೇಳಿ ಎದಿಯಾಗಿನ ಗಂಟು ಮುಚ್ಚಿಟ್ಲು. ಅವ್ವ ಆಕಿ ಮಾತು ನಂಬಿ ತೋಳಿಗೆ ಎಣ್ಣಿ ತಿಕ್ಕೋತ ಕುಂತಿದ್ಲು.”

ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡ ಆ ಚಿಕ್ಕತ್ತೆಯ ಫೋಟೊಕ್ಕೆ ಹಬ್ಬಕ್ಕೊಮ್ಮೆ ಹೂ ಇಟ್ಟಿದ್ದೆ, ಹೇಗೆ ಹೋದರೆಂದು ಯಾವತ್ತೂ ಕೇಳಿರಲಿಲ್ಲ. ಈಗ ನಾನು ‘ತೋಳಿಂದಷ್ಟೇ ಅತ್ತಿ’ ಎಂದಷ್ಟೂ ಅವರಿಗೆ ತಂಗಿಯೇ ಮತ್ತೊಮ್ಮೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಆ ಮುದುಕಿ ನನ್ನ ಮೊಣಕೈ ಹಿಡಿದು ಕೂತದ್ದು ಅಂಥ ಭಯದಲ್ಲಿ, ನಾನು ಬೀಗಿದ್ದು ಅದನ್ನು ನೋಡಿ.

ನಂಬಿಸಲು ಏನೆಲ್ಲ ಮಾಡಿದೆ. ಗಂಡನಿಂದ ಹೇಳಿಸಿದರೆ, ಮಗನೂ ಸೊಸೆಯ ಜೊತೆ ಸೇರಿ ಮುಚ್ಚಿಡುತ್ತಿದ್ದಾನೆ ಎಂದುಕೊಂಡರು. ಮೊಬೈಲಿನಲ್ಲಿ ಇಂಥದ್ದೇ ಸರ್ಜರಿ ಮಾಡಿಸಿಕೊಂಡ ಹೆಂಗಸರ ತೋಳಿನ ಫೋಟೊ ತೋರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, “ಪಾಪ, ಇವರಿಗೂ ಅದೇ ಏನು?” ಎಂದರು. ಡಾಕ್ಟರಿಂದ ಫೋನ್ ಮಾಡಿಸಿದೆ. ಡಾಕ್ಟರು ಪೇಷಂಟಿನ ಮನೆಯವರಿಗೆ ಧೈರ್ಯ ಹೇಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವರು ಎಷ್ಟು ನಯವಾಗಿ ಮಾತಾಡಿದರೋ ಅತ್ತೆಯ ಮುಖ ಅಷ್ಟು ಬಾಡಿತು.

ಸೆರಗು ಸರಿಸಿ ತೋರಿಸಿಬಿಟ್ಟರೆ ಮುಗಿಯುತ್ತಿತ್ತು. ಅದು ನನ್ನಿಂದಾಗಲಿಲ್ಲ. ಗುರುತಿಲ್ಲದ ಹುಡುಗಿಯರ ಮುಂದೆ ಬರಿಮೈಯಲ್ಲಿ ನಿಂತು ಮಾರ್ಕರಿನಿಂದ ಬರೆಸಿಕೊಂಡವಳು ಅತ್ತೆಯ ಮುಂದೆ ಕುಪ್ಪಸದ ಗುಂಡಿಗೆ ಕೈ ಒಯ್ಯಲಾರದೆ ಹೋದೆ. ಅವರೂ ತೋರಿಸು ಎನ್ನಲಿಲ್ಲ. ಅತ್ತೆ ಸೊಸೆಗೆ ಕೇಳುವ ಮಾತೇ ಅದು? ಹೀಗೆ ಇಬ್ಬರೂ ಮರ್ಯಾದೆ ಕಾಯುತ್ತ, ಒಬ್ಬರು ಅಳುತ್ತ, ಒಬ್ಬರು ಚಿಕ್ಕು ತಿನ್ನುತ್ತ ದಿನ ಕಳೆದೆವು.

ನಳಿಕೆ ತೆಗೆದರು, ಹೊಲಿಗೆ ಕೂಡಿತು, ಬಿಗಿ ಅಂಗಿ ಬಿಟ್ಟೆ. ತೋಳಿನ ಒಳಮಗ್ಗಲಿಗೆ ಜುಮುಗುಡುವ ಜೋಮು ಉಳಿಯಿತು. ಅದರ ನಡುವೆ ಕೆಂಪು ಗೆರೆ, ಡಾಕ್ಟರು ಹೇಳಿದ ಜಾಗದಲ್ಲಿ, ಹೇಳಿದ್ದಕ್ಕಿಂತ ದಪ್ಪಗೆ. ಕೈ ಎತ್ತುವುದನ್ನು ಹೊಸದಾಗಿ ಕಲಿಯಬೇಕಾಯಿತು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲೆ ಹತ್ತಿಸುವುದು, ಸೆಳೆದಲ್ಲಿ ನಿಲ್ಲುವುದು. ಗೋಡೆಯ ಮೇಲೆ ಹಲ್ಲಿ ಒಂದು ಮಗ್ಗಲಿಗೆ, ನಾನು ಒಂದು ಮಗ್ಗಲಿಗೆ. ಹಲ್ಲಿ ಯಾವಾಗಲೂ ಮುಂದಿರುತ್ತಿತ್ತು.

ಹಾಗೆ ಒಂದು ದಿನ ಬೆರಳು ಹಣೆಯ ಮಟ್ಟ ದಾಟಿದ್ದನ್ನು ಅತ್ತೆ ನೋಡಿದರು. ಬಂದು ಹಿಂದೆ ನಿಂತರು.

“ಕೈ ಏಳಾಕತ್ತಾವಲ್ಲ. ಇನ್ನ ಹರಕಿ ತೀರಸ್ಬೇಕವಾ.”

“ಯಾವ ಹರಕಿ ರೀ?”

“ನೀ ದವಾಖಾನಿಗೆ ಹೋದ ದಿನ ಬೇಡ್ಕೊಂಡೇನಿ. ಸೊಸಿ ಉಳದ್ರ ಅಂದೋಲಾಕ ಕರಕೊಂಡ ಬಂದು ಗದ್ದಗಿ ತನಕ ಆಕಿ ಕೈಲೆ ದೀಡ ನಮಸ್ಕಾರ ಹಾಕಸ್ತೇನಿ ಅಂತ.”

ದೀಡ ನಮಸ್ಕಾರ ಎಂದರೆ ಒದ್ದೆ ಸೀರೆಯಲ್ಲಿ ನೆಲಕ್ಕೆ ಅಡ್ಡಬಿದ್ದು, ಎರಡೂ ಕೈ ತಲೆಯ ಮುಂದಕ್ಕೆ ಪೂರ್ತಿ ಚಾಚುವುದು. ಬೆರಳ ತುದಿ ಮುಟ್ಟಿದಲ್ಲಿ ಜೊತೆಯವರು ಕೋಲಿನಿಂದ ಗೆರೆ ಹೊಡೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು, ಮಠದ ಗದ್ದುಗೆ ಮುಟ್ಟುವವರೆಗೂ. ಕೈ ಎತ್ತಿದರೆ ಎಲ್ಲರಿಗೂ ಕಾಣುತ್ತದೆ ಎಂದಿದ್ದ ಡಾಕ್ಟರ ಮಾತು ನೆನಪಾಯಿತು. ಜಗತ್ತಿನಲ್ಲಿ ಇಷ್ಟು ಹರಕೆಗಳಿರುವಾಗ ಅತ್ತೆ ಆರಿಸಿಕೊಂಡದ್ದು ಇದನ್ನು.

“ಅತ್ತಿ, ನನಗ ಆ ಬ್ಯಾನಿ ಬಂದೇ ಇಲ್ಲರಿ. ಬಾರದ ಬ್ಯಾನಿಗೆ ಹರಕಿ ಯಾಕ?”

“ನಿನಗ ಆಗಂಗಿಲ್ಲ ಅಂದ್ರ ಬಿಡು, ನಾ ಹಾಕ್ತೇನಿ,” ಎಂದರು ತಣ್ಣಗೆ. ಅವರ ಮೊಣಕಾಲು ಚಾಪೆಯ ಮೇಲೆ ಕೂರಲಿಕ್ಕೇ ಒಪ್ಪುತ್ತಿರಲಿಲ್ಲ. ಹಾಕಿಯೇ ತೀರುವವರೆಂದು ನನಗೂ ಗೊತ್ತಿತ್ತು. ಡಾಕ್ಟರನ್ನು ಕೇಳಿದೆ. ಅವರು ಫೋನಿನಲ್ಲೇ ನಕ್ಕು, ಕೈ ಪೂರಾ ಎತ್ತಲು ಬಂದ ಮೇಲೆ ಹಾಕ್ರಿ, ಗೆರೆಗೆ ಬಿಸಿಲು ತಾಗಿಸಬೇಡಿ ಎಂದರು. ನಾನು ಹಲ್ಲಿಯ ಜೊತೆ ಪಂದ್ಯ ಜೋರು ಮಾಡಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಹೊತ್ತು ಏರುವ ಮೊದಲೇ ಅಂದೋಲಾ ಮುಟ್ಟಿದೆವು. ಮಠದ ಹಿಂದಿನ ಓಣಿಯಲ್ಲಿ ಅತ್ತೆಯ ತವರುಮನೆಯಲ್ಲಿ ಸ್ನಾನ. ಬಚ್ಚಲಿಗೆ ಮೂರು ಗೋಡೆ, ನಾಲ್ಕನೆಯದಕ್ಕೆ ಒಂದು ಹಳೆಯ ಸೀರೆ. ಹೊರಗೆ ಹೆಂಗಸರೆಲ್ಲ ನಿಂತಿದ್ದರಿಂದ ಗಂಡ ಒಳಗೆ ಬರುವ ಹಾಗಿರಲಿಲ್ಲ. ಬರೀ ಕೈ ಎತ್ತುವುದು ನನಗೆ ಬಂದಿತ್ತು, ತುಂಬಿದ ಚೊಂಬು ಹಿಡಿದು ತಲೆಯ ಮೇಲೆ ಎತ್ತುವುದು ಇನ್ನೂ ಬಂದಿರಲಿಲ್ಲ. ನಾನು ಲಂಗ ಎದೆಗೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದೆ. ಅತ್ತೆ ಸೀರೆ ಸರಿಸಿ ಒಳಗೆ ಬಂದರು.

“ನಾ ಹಾಕ್ತೇನಿ, ತಲಿ ಬಗ್ಗಸು.”

ಒಂದು ಚೊಂಬು ಹೊಯ್ದರು. ಲಂಗ ಒದ್ದೆಯಾಗಿ ಮೈಗೆ ಅಂಟಿತು. ಎರಡನೆಯದು ಬರಲಿಲ್ಲ. ತಲೆ ಎತ್ತಿ ನೋಡಿದೆ. ಅವರು ಚೊಂಬು ಹಿಡಿದುಕೊಂಡೇ ನನ್ನ ಎದೆ ನೋಡುತ್ತಿದ್ದರು. ಆಮೇಲೆ ಬಗ್ಗಿ, ಸಂತೆಯಲ್ಲಿ ಬದನೆಕಾಯಿ ಮುಟ್ಟಿ ನೋಡುವ ಹಾಗೆ, ಒಂದು ಮಗ್ಗಲು ಮುಟ್ಟಿದರು, ಇನ್ನೊಂದು ಮಗ್ಗಲು ಮುಟ್ಟಿದರು.

“ಎರಡೂ ಅದಾವು,” ಎಂದರು.

“ಅದಾವ್ರಿ ಅತ್ತಿ.”

ಅವರು ನೀರಿನ ಹಂಡೆಯ ಅಂಚು ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಣಿಯುತ್ತಿತ್ತು, ಅಳುವೋ ನಗುವೋ ಗೊತ್ತಾಗಲಿಲ್ಲ. ಹೊರಗಿನಿಂದ ಯಾರೋ, “ಏನಾತಬೇ?” ಎಂದು ಕೇಳಿದರು.

“ಏನಿಲ್ಲ, ಬಿಸಿನೀರು ಜರಾ ಹೆಚ್ಚಾತು,” ಎಂದರು ಅತ್ತೆ ಒಳಗಿನಿಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಖರೇನ ಬರೀ ತೋಳಿಂದೇನ?” ಎಂದರು.

“ಬರೀ ತೋಳಿಂದ್ರಿ. ಚಂದ ಕಾಣ್ಲಿ ಅಂತ.”

“ಹುಚ್ಚಿ,” ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ನನಗೆ ಬೈದದ್ದು ಅದೇ ಮೊದಲು. ಅಷ್ಟು ಹಿತವಾದ ಬೈಗುಳ ನಾನು ಮತ್ತೆ ಕೇಳಿಲ್ಲ. ನನಗೂ ಅಳು ಬಂತು.

ಇನ್ನು ಹರಕೆ ಇಲ್ಲ, ಮನೆಗೆ ಹೋಗಿ ಚಹಾ ಕುಡಿಯಬಹುದು ಎಂದುಕೊಂಡು, “ಹಂಗಾರ ನಮಸ್ಕಾರ ಬ್ಯಾಡಲ್ರಿ?” ಎಂದೆ.

“ಯಾಕ ಬ್ಯಾಡ? ಉಳದ್ರ ಹಾಕಸ್ತೇನಿ ಅಂದಿದ್ದೆ. ಉಳದಿ ಅಲ್ಲ? ಏಳು.”

ಒದ್ದೆ ಸೀರೆ ಉಟ್ಟು ಓಣಿಯ ತುದಿಯಿಂದ ಶುರು ಮಾಡಿದೆ. ತಣ್ಣನೆಯ ಮಣ್ಣಿಗೆ ಮೂಗು ತಾಗಿತು. ಕೈ ಚಾಚಿದೆ. ಗಿಡ್ಡ ತೋಳಿನ ಹೊಸ ಕುಪ್ಪಸ ಒದ್ದೆಯಾಗಿ ಮೇಲೆ ಸರಿದು, ಎರಡೂ ಗೆರೆ ಇಡೀ ಅಂದೋಲಾಕ್ಕೆ ಕಂಡವು. ಬಾಗಿಲಲ್ಲಿ ನಿಂತ ಹೆಂಗಸರು ಲೊಚಗುಟ್ಟಿದರು, ಒಬ್ಬಾಕೆ ಕೈ ಮುಗಿದಳು. ಯಾರೂ ನೋಡಬಾರದೆಂದು ಕೊಯ್ಸಿಕೊಂಡ ತೋಳಿಗೆ ಬಿಸಿಲು ಏರುವ ಮೊದಲೇ ನಮಸ್ಕಾರ ಬೀಳುತ್ತಿತ್ತು.

ಕೋಲು ಹಿಡಿದವರು ಅತ್ತೆ. ಗೆರೆ ಹೊಡೆದರು, ನಾನು ಎದ್ದೆ, ಗೆರೆಯ ಮೇಲೆ ನಿಂತೆ, ಬಿದ್ದೆ. ತೋಳು ಇನ್ನೂ ಸೆಳೆಯುತ್ತಿತ್ತು, ಬಿದ್ದೆದ್ದು ದಣಿದು ಪೂರ್ತಿ ಚಾಚಲಾಗದೆ ಮೊಣಕೈ ಮಡಚಿಕೊಳ್ಳುತ್ತಿತ್ತು. ಹೀಗೆ ಗಿಡ್ಡ ಗಿಡ್ಡ ನಮಸ್ಕಾರ ಹಾಕಿದರೆ ಗದ್ದುಗೆ ಮುಟ್ಟುವುದು ಯಾವಾಗ ಎಂದು ಕಂಗಾಲಾದೆ. ಆದರೆ ಓಣಿ ನಾನಂದುಕೊಂಡದ್ದಕ್ಕಿಂತ ಬೇಗ ಸರಿಯತೊಡಗಿತು. ಅನುಮಾನ ಬಂದು, ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದೆ. ನನ್ನ ಬೆರಳ ತುದಿ ಬಿಟ್ಟು ಒಂದು ಗೇಣು ಮುಂದಕ್ಕೆ ಅತ್ತೆ ಗೆರೆ ಹೊಡೆಯುತ್ತಿದ್ದರು.

“ಅತ್ತಿ, ಗೆರಿ ಮುಂದ ಹೊಡದ್ರಲ್ಲರಿ. ದೇವರಿಗೆ ಮೋಸ ಆಗ್ತದ.”

“ಯಾಕ ಮೋಸ?” ಎಂದರು ಅತ್ತೆ, ಕೋಲು ಎತ್ತದೆ. “ಕೊಯ್ದು ಬಿಟ್ಟು ಬಂದಿಯಲ್ಲ ಸೊಲ್ಲಾಪುರದಾಗ, ಅದೂ ನಿಂದೇ ತೋಳು. ಅದರ ಅಳತಿನೂ ಹಿಡೀಬೇಕಲ್ಲ.”

ನಾನು ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಅಡ್ಡಬಿದ್ದೆ.